ಪ್ರತಿಷ್ಠಾನದ ಅನುದಾನಕ್ಕೆ ಅರ್ಜಿ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಆರೋಗ್ಯವೋ ಶಿಕ್ಷಣವೋ ಕಾಡು-ಪ್ರಾಣಿಗಳ ಸಂರಕ್ಷಣೆಯೋ, ಕ್ಷೇತ್ರ ಯಾವುದೇ ಇರಲಿ, ದತ್ತಿ ಪ್ರತಿಷ್ಠಾನಗಳಿಗೆ ಹೋಗುವ ಅರ್ಜಿಗಳು ಬಿದ್ದುಹೋಗುವ ಕಾರಣಗಳು ಹೆಚ್ಚುಕಡಿಮೆ ಅವೇ. ಭಾಷೆ ಸೊಗಸಾಗಿಲ್ಲ ಎಂದು ತಿರಸ್ಕೃತವಾಗುವ ಅರ್ಜಿ ಅಪರೂಪ. ದಾನಿ ಕೊಡದ ಕೆಲಸಕ್ಕೆ ಹಣ ಕೇಳಿರುತ್ತಾರೆ, ಬಜೆಟ್ಟಿನ ಮೊತ್ತಕ್ಕೂ ಬರಹದಲ್ಲಿ ಹೇಳಿದ ಕೆಲಸಕ್ಕೂ ತಾಳೆಯಾಗುವುದಿಲ್ಲ, ‘ಬದಲಾವಣೆ ತರುತ್ತೇವೆ’ ಎಂದವರು ಈಗಿನ ಸ್ಥಿತಿ ಏನೆಂದು ಅಳೆದೇ ಇರುವುದಿಲ್ಲ. ಈ ಮೂರಕ್ಕೂ ಬೇರು ಒಂದೇ. ಫಾರಂ ತೆರೆದು ಮೊದಲ ಪ್ರಶ್ನೆಯಿಂದಲೇ ಉತ್ತರ ತುಂಬುತ್ತಾ ಹೋಗುತ್ತಾರೆ. ಫಾರಂ ಇರುವುದು ಓದುವವರ ಅನುಕೂಲಕ್ಕೆ. ತಯಾರಿಯ ಕ್ರಮ ಅದಕ್ಕೆ ಹೆಚ್ಚುಕಡಿಮೆ ತಿರುವುಮುರುವು.

ಒಂದು ವರ್ಷದ ಸಣ್ಣ ಯೋಜನೆಗೆ ಎಂಟು ವಾರ, ಪಾಲುದಾರ ಸಂಸ್ಥೆಗಳಿರುವ ಬಹುವರ್ಷದ ಯೋಜನೆಗೆ ಹದಿನಾರು ವಾರ ಕೈಯಲ್ಲಿರಲಿ. ಎರಡೇ ವಾರ ಉಳಿದಿದ್ದರೆ ಈ ಸುತ್ತನ್ನು ಬಿಟ್ಟು ಮುಂದಿನದಕ್ಕೆ ಸಿದ್ಧವಾಗುವುದೇ ಲಾಭ.

ಮೊದಲು ಮೇಜಿನ ಮೇಲೆ ಇರಬೇಕಾದ್ದು

ಕಂಪ್ಯೂಟರಿನಲ್ಲಿ ಒಂದು ಸ್ಪ್ರೆಡ್‌ಶೀಟ್ ಮತ್ತು ಎಲ್ಲರೂ ಒಟ್ಟಿಗೆ ತಿದ್ದಬಹುದಾದ ಒಂದು ದಾಖಲೆ ಇದ್ದರೆ ಸಾಕು, ದುಬಾರಿ ಸಾಫ್ಟ್‌ವೇರ್ ಬೇಡ. ಕಾಗದಪತ್ರಗಳದ್ದು ಮಾತ್ರ ಪ್ರತ್ಯೇಕ ಫೋಲ್ಡರ್ ಮಾಡಿ: ಸಂಸ್ಥೆಯ ನೋಂದಣಿ ಪತ್ರ, ನಿಯಮಾವಳಿ, ಆಡಳಿತ ಮಂಡಳಿಯ ಸದಸ್ಯರ ಪಟ್ಟಿ, ಕಳೆದ ಎರಡು ಅಥವಾ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ, ಸಂಸ್ಥೆಯ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆಯ ದೃಢೀಕರಣ, ತೆರಿಗೆ ವಿನಾಯಿತಿಯ ಪತ್ರ, ಮಕ್ಕಳ ಸುರಕ್ಷತೆ ಮತ್ತು ಹಣಕಾಸು ನೀತಿಗಳು.

ಇಲ್ಲಿ ಪದೇ ಪದೇ ಕಾಣುವ ಎಡವಟ್ಟು ಹೆಸರಿನದು. ನೋಂದಣಿ ಪತ್ರದಲ್ಲಿ ಒಂದು, ಬ್ಯಾಂಕ್ ಖಾತೆಯಲ್ಲಿ ಅದರ ಸಂಕ್ಷಿಪ್ತ ರೂಪ, ಆಡಿಟ್ ವರದಿಯಲ್ಲಿ ಮೂರನೆಯದು. ದಾನಿಯ ಪರಿಶೀಲನೆ ಅಲ್ಲೇ ನಿಂತುಬಿಡುತ್ತದೆ. ಅಕ್ಷರಕ್ಕೆ ಅಕ್ಷರ ಹೊಂದುವಂತೆ ಈಗಲೇ ಸರಿಪಡಿಸಿ, ಏಕೆಂದರೆ ಬ್ಯಾಂಕಿನಲ್ಲಿ ಹೆಸರು ತಿದ್ದಿಸುವುದು ಒಂದೆರಡು ದಿನದ ಕೆಲಸವಲ್ಲ. ಸಂಸ್ಥೆಯೇ ನೋಂದಣಿಯಾಗಿಲ್ಲದಿದ್ದರೆ ನೋಂದಾಯಿತ ಸಂಸ್ಥೆಯೊಂದು ನಿಮ್ಮ ಪರವಾಗಿ ಹಣ ಪಡೆದು ಲೆಕ್ಕ ಕೊಡುವ ವ್ಯವಸ್ಥೆ ಮಾಡಿಕೊಳ್ಳಬೇಕು. ಆ ಸಂಸ್ಥೆ ತನ್ನ ಸೇವೆಗೆ ತೆಗೆದುಕೊಳ್ಳುವ ಪಾಲನ್ನು ಲಿಖಿತವಾಗಿ ಗೊತ್ತುಮಾಡಿಕೊಂಡು ಬಜೆಟ್ಟಿಗೆ ಸೇರಿಸಿ.

ಹಂತ 1: ಸರಿಯಾದ ದಾನಿಯನ್ನು ಆರಿಸುವುದು

ದಾನಿ ಸಂಸ್ಥೆ ‘ಆರೋಗ್ಯಕ್ಕೆ ಕೊಡುತ್ತದೆ’ ಎಂಬಷ್ಟು ತಿಳಿದರೆ ಏನೂ ತಿಳಿದಂತಲ್ಲ. ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಆರೋಗ್ಯದ ದೊಡ್ಡ ದಾನಿಗಳಲ್ಲಿ ಒಂದು, ಆದರೆ ಅದರ ಹಣ ಮುಖ್ಯವಾಗಿ ಹೋಗುವುದು ಸಂಶೋಧನೆಗೆ. ಚಿಕಿತ್ಸಾಲಯ ಕಟ್ಟಲು ಅಲ್ಲಿಗೆ ಬರೆದರೆ ಅರ್ಜಿ ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ. ಮೊಹಮ್ಮದ್ ಬಿನ್ ಜಾಯೆದ್ ಪ್ರಭೇದ ಸಂರಕ್ಷಣಾ ನಿಧಿ ಕೊಡುವುದು ನಿರ್ದಿಷ್ಟ ಪ್ರಭೇದವೊಂದನ್ನು ಉಳಿಸುವ ಕೆಲಸಕ್ಕೆ, ಒಂದು ಯೋಜನೆಗೆ ಗರಿಷ್ಠ 25,000 ಡಾಲರ್. ‘ಪರಿಸರ ಜಾಗೃತಿ’ ಎಂಬ ಅಗಲವಾದ ಯೋಜನೆಗೆ ಅಲ್ಲಿ ಜಾಗವಿಲ್ಲ. ಪ್ರಕೃತಿ ಸಂರಕ್ಷಣೆಗೆ ಕೊಡುವ ರಫರ್ಡ್ ಫೌಂಡೇಷನ್ ಸಣ್ಣ ಅನುದಾನದಿಂದ ಶುರುಮಾಡಿ, ಕೆಲಸ ತೋರಿಸಿದವರಿಗೆ ಮುಂದಿನ ಮೆಟ್ಟಿಲಿನ ಅನುದಾನ ಕೊಡುತ್ತಾ ಹೋಗುತ್ತದೆ. ಹೊಸಬರು ನೇರವಾಗಿ ಮೇಲಿನ ಮೆಟ್ಟಿಲಿಗೆ ಹಾರಲಾಗದು.

ದಾನಿಯ ಜಾಲತಾಣದಲ್ಲಿ ಬರೆದದ್ದಕ್ಕಿಂತ ಅವರು ನಿಜವಾಗಿ ಯಾರಿಗೆ ಕೊಟ್ಟಿದ್ದಾರೆ ಎಂಬ ಪಟ್ಟಿ ಹೆಚ್ಚು ಸತ್ಯ ಹೇಳುತ್ತದೆ. ಅಮೆರಿಕದ ಖಾಸಗಿ ಪ್ರತಿಷ್ಠಾನಗಳು ಪ್ರತಿವರ್ಷ 990-ಪಿಎಫ್ ಎಂಬ ವಿವರಪಟ್ಟಿ ಸಲ್ಲಿಸಬೇಕು. ಯಾರಿಗೆ, ಎಷ್ಟು, ಯಾವ ಉದ್ದೇಶಕ್ಕೆ ಕೊಟ್ಟರೆಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಬ್ರಿಟನ್ನಿನ ಅನೇಕ ದಾನಿಗಳ ಅನುದಾನಗಳನ್ನು 360ಗಿವಿಂಗ್ ಸಂಸ್ಥೆಯ ಗ್ರಾಂಟ್‌ನ್ಯಾವ್‌ನಲ್ಲಿ ಉಚಿತವಾಗಿ ಹುಡುಕಬಹುದು. ಕಳೆದ ಮೂರು ವರ್ಷದ ಪಟ್ಟಿ ತೆಗೆದು ನಾಲ್ಕು ಪ್ರಶ್ನೆ ಹಾಕಿ:

1. ನಿಮ್ಮ ಭೂಭಾಗಕ್ಕೆ ಒಮ್ಮೆಯಾದರೂ ಕೊಟ್ಟಿದ್ದಾರೆಯೇ?
2. ನಿಮ್ಮಷ್ಟೇ ಗಾತ್ರದ ಸಂಸ್ಥೆಗಳು ಪಟ್ಟಿಯಲ್ಲಿವೆಯೇ?
3. ಅನುದಾನದ ನಡುವಿನ ಮೊತ್ತ ಎಷ್ಟು? ಸರಾಸರಿ ನೋಡಬೇಡಿ, ಒಂದು ಭಾರೀ ಅನುದಾನ ಅದನ್ನು ಎತ್ತಿಬಿಡುತ್ತದೆ. ಮೊತ್ತಗಳನ್ನು ಏರಿಕೆ ಕ್ರಮದಲ್ಲಿಟ್ಟು ಮಧ್ಯದ್ದನ್ನು ಹಿಡಿಯಿರಿ.
4. ಹೊಸಬರು ಎಷ್ಟು ಜನ? ಅವವೇ ಹೆಸರುಗಳು ಪ್ರತಿವರ್ಷ ಬಂದರೆ ಬಾಗಿಲು ತೆರೆದಿದೆ ಎಂದು ತೋರುತ್ತದೆ ಅಷ್ಟೇ.

ಎರಡಕ್ಕಿಂತ ಹೆಚ್ಚು ಪ್ರಶ್ನೆಗೆ ಸಿಕ್ಕ ಉತ್ತರ ನಿಮಗೆ ಹೊಂದದಿದ್ದರೆ ಆ ಹೆಸರನ್ನು ಹೊಡೆದುಹಾಕಿ. ‘ಆಹ್ವಾನವಿಲ್ಲದ ಅರ್ಜಿ ಸ್ವೀಕರಿಸುವುದಿಲ್ಲ’ ಎಂದು ಬರೆದಿದ್ದರೆ ಅದನ್ನು ಸವಾಲು ಅಂದುಕೊಳ್ಳಬೇಡಿ, ಅದು ಬರೆದ ಮಾತಿನಷ್ಟೇ ನಿಜ.

ಹಣ ಗಡಿ ದಾಟಿ ಬರುವುದಾದರೆ ಇನ್ನೊಂದು ತಪಾಸಣೆಯೂ ಇದೆ. ವಿದೇಶಿ ದೇಣಿಗೆ ಪಡೆಯಲು ನಿಮ್ಮ ದೇಶದ ಕಾನೂನಿನಲ್ಲಿ ಅನುಮತಿ ಬೇಕೇ ಎಂದು ಮೊದಲೇ ತಿಳಿದುಕೊಳ್ಳಿ. ಅಮೆರಿಕದ ಖಾಸಗಿ ಪ್ರತಿಷ್ಠಾನ ಹೊರದೇಶದ ಸಂಸ್ಥೆಗೆ ಕೊಡುವಾಗ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ: ನೀವು ಅಲ್ಲಿನ ಸಾರ್ವಜನಿಕ ದತ್ತಿ ಸಂಸ್ಥೆಗೆ ಸಮಾನರೆಂದು ದಾಖಲೆಗಳಿಂದ ಖಚಿತಪಡಿಸಿಕೊಳ್ಳುತ್ತದೆ, ಇಲ್ಲವೇ ಖರ್ಚಿನ ಮೇಲ್ವಿಚಾರಣೆಯ ಹೊಣೆಯನ್ನು ತಾನೇ ಹೊರುತ್ತದೆ. ಎರಡನೆಯದಾದರೆ ಲಿಖಿತ ಒಪ್ಪಂದ, ಆ ಹಣಕ್ಕೆ ಪ್ರತ್ಯೇಕ ಲೆಕ್ಕ, ನಿಯಮಿತ ವರದಿ ಎಲ್ಲವೂ ಕಡ್ಡಾಯ.

ಎಚ್ಚರಿಕೆಯ ಗುರುತುಗಳು: ಅರ್ಜಿಯನ್ನೇ ಹಾಕದೆ ‘ನೀವು ಆಯ್ಕೆಯಾಗಿದ್ದೀರಿ’ ಎಂಬ ಪತ್ರ. ‘ಪ್ರೊಸೆಸಿಂಗ್ ಶುಲ್ಕ’, ‘ವಿಮೆ’, ‘ವರ್ಗಾವಣೆ ತೆರಿಗೆ’ ಎಂದು ಮೊದಲೇ ಹಣ ಕೇಳುವುದು. ಹೆಸರಾಂತ ಪ್ರತಿಷ್ಠಾನದ್ದೆಂದು ಹೇಳಿಕೊಂಡರೂ ವಿಳಾಸದಲ್ಲಿ ಒಂದಕ್ಷರ ಆಚೀಚೆ ಇರುವ ಇಮೇಲ್. ಬ್ಯಾಂಕಿನ ಪಾಸ್‌ವರ್ಡ್ ಅಥವಾ ಒಟಿಪಿ ಕೇಳುವವರು. ಇನ್ನೂ ನಯವಾದದ್ದು ಹೆಚ್ಚುವರಿ ಹಣದ ಆಟ: ಮಂಜೂರಾದದ್ದಕ್ಕಿಂತ ಹೆಚ್ಚು ಮೊತ್ತದ ಚೆಕ್ ಕಳಿಸಿ, ಮಿಕ್ಕಿದ್ದನ್ನು ಬೇಗ ವಾಪಸ್ ಹಾಕಿ ಎನ್ನುತ್ತಾರೆ. ನೀವು ಹಾಕಿದ ಮೇಲೆ ಚೆಕ್ ನಕಲಿ ಎಂದು ಬ್ಯಾಂಕ್ ತಿಳಿಸುತ್ತದೆ. ಕೊಟ್ಟ ದಾನದಲ್ಲಿ ಒಂದು ಪಾಲನ್ನು ನಗದಾಗಿ ಹಿಂದಿರುಗಿಸಿ ಎನ್ನುವ ‘ದಾನಿ’ ಎದುರಾದರೆ ಮಾತುಕತೆಯನ್ನು ಅಲ್ಲಿಗೇ ಮುಗಿಸಿ. ಅದು ಕಪ್ಪುಹಣ ಬಿಳಿ ಮಾಡುವ ದಾರಿ, ಸಿಕ್ಕಿಬೀಳುವವರು ನೀವು.

ಹಂತ 2: ಈಗಿನ ಸ್ಥಿತಿಯನ್ನು ಅಳೆಯುವುದು

ಇದನ್ನು ಬೇಸ್‌ಲೈನ್ ಎನ್ನುತ್ತಾರೆ. ‘ಹಣ ಬಂದ ಮೇಲೆ ಮಾಡುತ್ತೇವೆ’ ಎನ್ನುವುದು ಎಲ್ಲರ ನೆಪ. ಪೂರ್ಣ ಸಮೀಕ್ಷೆಗೆ ಹಣ ಬೇಕು ನಿಜ. ಆದರೆ ಅರ್ಜಿಯಲ್ಲಿ ಹಾಕಲು ಒಂದು ಸಣ್ಣ, ಪ್ರಾಮಾಣಿಕ ಅಳತೆಯಾದರೂ ಇರಬೇಕು, ಇಲ್ಲದಿದ್ದರೆ ಗುರಿಯಾಗಿ ಬರೆಯುವ ಪ್ರತಿ ಸಂಖ್ಯೆಯೂ ಊಹೆ.

ಆರೋಗ್ಯ ಯೋಜನೆಯಲ್ಲಿ ಮಾನ್ಯವಾದ ಅಳತೆಗೋಲನ್ನೇ ಬಳಸಿ, ಹೊಸದನ್ನು ಹುಟ್ಟಿಸಬೇಡಿ. ಮಕ್ಕಳ ಅಪೌಷ್ಟಿಕತೆ ಎಂದರೆ 6ರಿಂದ 59 ತಿಂಗಳ ಮಗುವಿನ ತೋಳಿನ ಮಧ್ಯದ ಸುತ್ತಳತೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ 115 ಮಿಲಿಮೀಟರಿಗಿಂತ ಕಡಿಮೆಯಾದರೆ ತೀವ್ರ, 115ರಿಂದ 125ರ ಒಳಗಿದ್ದರೆ ಮಧ್ಯಮ. ಬಣ್ಣದ ಪಟ್ಟಿಯ ಟೇಪ್ ಒಂದಿದ್ದರೆ ತರಬೇತಾದ ಸ್ವಯಂಸೇವಕರೇ ಅಳೆಯಬಹುದು. ಹೆಚ್ಚಾಗಿ ಆಗುವ ತಪ್ಪು ಎಣಿಕೆಯದು. ಒಂದೇ ಮಗು ವರ್ಷದಲ್ಲಿ ಹನ್ನೆರಡು ಬಾರಿ ಬಂದರೆ ‘ಹನ್ನೆರಡು ಮಕ್ಕಳಿಗೆ ಸೇವೆ’ ಎಂದು ಸೇರಿಬಿಡುತ್ತದೆ. ಭೇಟಿಗಳ ಸಂಖ್ಯೆ ಬೇರೆ, ವ್ಯಕ್ತಿಗಳ ಸಂಖ್ಯೆ ಬೇರೆ. ಮೊದಲ ದಿನದಿಂದಲೇ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಕೊಡಿ.

ಶಿಕ್ಷಣದಲ್ಲಿ ದಾಖಲಾತಿ ಕಲಿಕೆಯ ಅಳತೆಯಲ್ಲ. ಮಗು ಒಂದು ನಿಮಿಷದಲ್ಲಿ ಎಷ್ಟು ಪದಗಳನ್ನು ತಪ್ಪಿಲ್ಲದೆ ಗಟ್ಟಿಯಾಗಿ ಓದುತ್ತದೆ ಎಂಬುದು ಆರಂಭಿಕ ಓದಿನ ಪರೀಕ್ಷೆಗಳಲ್ಲಿ ಬಳಕೆಯಲ್ಲಿರುವ ಅಳತೆ. ಮೊದಲೂ ಕೊನೆಗೂ ಅದೇ ಕಠಿಣತೆಯ, ಆದರೆ ಬೇರೆ ಬೇರೆ ಪಠ್ಯ ಬಳಸಿ. ಅದೇ ಪಠ್ಯ ಕೊಟ್ಟರೆ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಹಾಜರಾತಿಯನ್ನು ರಿಜಿಸ್ಟರ್ ನೋಡಿ ಬರೆಯುವ ಬದಲು ಮುನ್ಸೂಚನೆಯಿಲ್ಲದೆ ಹೋಗಿ ತಲೆ ಎಣಿಸಿ. ಅಂಗವಿಕಲ ಮಕ್ಕಳನ್ನೂ ಒಳಗೊಳ್ಳುತ್ತೇವೆ ಎಂದು ಬರೆಯುವುದಾದರೆ ಅಂಗವೈಕಲ್ಯದ ಅಂಕಿಅಂಶಕ್ಕೆಂದು ವಿಶ್ವಸಂಸ್ಥೆಯಡಿ ರಚನೆಯಾದ ವಾಷಿಂಗ್ಟನ್ ಗುಂಪಿನ ಕಿರು ಪ್ರಶ್ನಾವಳಿ ನೋಡಿ. ಆರೇ ಪ್ರಶ್ನೆ, ‘ನೀವು ಅಂಗವಿಕಲರೇ’ ಎಂದು ನೇರವಾಗಿ ಕೇಳುವ ಮುಜುಗರವೂ ಇಲ್ಲ. 2ರಿಂದ 17 ವರ್ಷದ ಮಕ್ಕಳಿಗೆಂದೇ ಅದೇ ಗುಂಪಿನ ಮಕ್ಕಳ ಪ್ರಶ್ನಾವಳಿ ಬೇರೆ ಇದೆ.

ಸಂರಕ್ಷಣೆಯಲ್ಲಿ ಅಳತೆ ಎಲ್ಲಕ್ಕಿಂತ ಜಾರುವ ನೆಲ. ಪ್ರಾಣಿ ಸುಳಿದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಹಾಕಿದರೆ ಶ್ರಮವನ್ನು ಕ್ಯಾಮೆರಾ-ರಾತ್ರಿಗಳಲ್ಲಿ ಬರೆಯಿರಿ: 20 ಕ್ಯಾಮೆರಾ 30 ರಾತ್ರಿ ಎಂದರೆ 600. ಮುಂದಿನ ವರ್ಷ 900 ಕ್ಯಾಮೆರಾ-ರಾತ್ರಿ ಹಾಕಿ ‘ಚಿತ್ರಗಳು ಹೆಚ್ಚಾದವು’ ಎಂದರೆ ಪ್ರಾಣಿ ಹೆಚ್ಚಾದಂತಲ್ಲ. ಋತುವೂ ಅದೇ ಇರಬೇಕು. ಒಣಗಾಲದಲ್ಲಿ ನೀರಿನ ಬಳಿ ಎಣಿಸಿ, ಮಳೆಗಾಲದ ಎಣಿಕೆಗೆ ಹೋಲಿಸಿದರೆ ಸಂಖ್ಯೆ ಏನನ್ನೂ ಹೇಳದು. ಗಿಡ ನೆಡುವ ಯೋಜನೆಯಲ್ಲಿ ನೆಟ್ಟ ಸಸಿಗಳ ಸಂಖ್ಯೆಗೆ ಬೆಲೆ ಕಡಿಮೆ. ಎರಡು ಒಣಗಾಲ ದಾಟಿ ಉಳಿದವೆಷ್ಟು ಎಂಬುದಕ್ಕೆ ಬೆಲೆ.

ಎಷ್ಟು ಜನರನ್ನು ಅಳೆಯಬೇಕು ಎಂಬಲ್ಲಿ ಎಲ್ಲರ ಬಾಯಲ್ಲೂ ಬರುವ ಸಂಖ್ಯೆ 384. ಇದು ಒಂದು ದೊಡ್ಡ ಜನಸಮೂಹದಲ್ಲಿ ಒಂದು ಶೇಕಡಾವಾರನ್ನು ಶೇ. 95ರ ವಿಶ್ವಾಸದಲ್ಲಿ, 5 ಶೇಕಡಾ ಅಂಕ ಆಚೀಚೆಯ ಒಳಗೆ ಅಂದಾಜು ಮಾಡಲು ಬೇಕಾದ ಸಂಖ್ಯೆ, ಅದೂ ಯಾದೃಚ್ಛಿಕವಾಗಿ ಆರಿಸಿದರೆ. ಬದಲಾವಣೆಯನ್ನು ಪತ್ತೆಹಚ್ಚುವ ಲೆಕ್ಕ ಬೇರೆ. ಶೇ. 40ರಿಂದ 50ಕ್ಕೆ ಏರಿದೆ ಎಂದು ತೋರಿಸಲು ಮೊದಲೊಮ್ಮೆ ಸುಮಾರು 390 ಜನ, ಕೊನೆಯಲ್ಲಿ ಮತ್ತೆ ಅಷ್ಟೇ ಜನ ಬೇಕು. ಶಾಲೆ ಅಥವಾ ಹಳ್ಳಿಗಳ ಗೊಂಚಲುಗಳಿಂದ ಆರಿಸಿದರೆ ಇದು ಸುಲಭವಾಗಿ ಎರಡು ಪಟ್ಟಾಗುತ್ತದೆ, ಒಂದೇ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಹೋಲುವುದರಿಂದ. ನೀವು ತಲುಪುವುದೇ 60 ಮಕ್ಕಳನ್ನಾದರೆ ಮಾದರಿಯ ಗೋಜೇ ಬೇಡ, ಎಲ್ಲರನ್ನೂ ಅಳೆಯಿರಿ.

ಹಂತ 3: ಕೆಲಸದಿಂದ ಫಲದವರೆಗಿನ ಸರಪಳಿ

ಈ ಹಂತದ ಉಪಕರಣ ಲಾಗ್‌ಫ್ರೇಮ್ ಎಂಬ ಕೋಷ್ಟಕ. ನಾಲ್ಕು ಸಾಲು, ನಾಲ್ಕು ಕಾಲಂ. ಸಾಲುಗಳು ಮೇಲಿನಿಂದ ಕೆಳಕ್ಕೆ: ದೂರದ ಗುರಿ, ಯೋಜನೆಯ ಫಲ, ಕೈಗೆ ಸಿಗುವ ಉತ್ಪನ್ನ, ಚಟುವಟಿಕೆ. ಕಾಲಂಗಳು ಎಡದಿಂದ ಬಲಕ್ಕೆ: ವಿವರಣೆ, ಸೂಚಕ, ಅದನ್ನು ಸಾಬೀತುಪಡಿಸುವ ದಾಖಲೆ, ನಮ್ಮ ಕೈಯಲ್ಲಿಲ್ಲದ ಪೂರ್ವಷರತ್ತು.

ತುಂಬುವುದು ಮೇಲಿನಿಂದ, ಪರೀಕ್ಷಿಸುವುದು ಕೆಳಗಿನಿಂದ. ‘ಈ ಚಟುವಟಿಕೆ ಮಾಡಿದರೆ, ಜೊತೆಗೆ ಈ ಷರತ್ತು ನಿಜವಾಗಿದ್ದರೆ, ಆ ಉತ್ಪನ್ನ ಸಿಗುತ್ತದೆಯೇ?’ ಎಂದು ಪ್ರತಿ ಮೆಟ್ಟಿಲಲ್ಲೂ ಗಟ್ಟಿಯಾಗಿ ಓದಿ. ಬಾಯಿ ತಡವರಿಸಿದ ಕಡೆ ಕೊಂಡಿ ಬಿಟ್ಟಿದೆ.

ಉತ್ಪನ್ನವನ್ನೂ ಫಲವನ್ನೂ ಬೆರೆಸುವುದು ಇಲ್ಲಿನ ಶಾಶ್ವತ ರೋಗ. ‘40 ದಾದಿಯರಿಗೆ ತರಬೇತಿ’ ಉತ್ಪನ್ನ. ‘ತರಬೇತಿಯಾಗಿ ಆರು ತಿಂಗಳಾದ ಮೇಲೆ 40ರಲ್ಲಿ 30 ದಾದಿಯರು ರಕ್ತದೊತ್ತಡವನ್ನು ಸರಿಯಾದ ಕ್ರಮದಲ್ಲಿ ಅಳೆಯುತ್ತಿದ್ದಾರೆ’ ಎಂಬುದು ಫಲ. ‘ಸಮುದಾಯದ ಆರೋಗ್ಯ ಸುಧಾರಿಸುತ್ತದೆ’ ಎಂಬುದು ದೂರದ ಗುರಿ, ಅದನ್ನು ಒಂದು ವರ್ಷದ ಅನುದಾನದಲ್ಲಿ ಸಾಧಿಸುತ್ತೇವೆ ಎಂದು ಬರೆದುಕೊಟ್ಟರೆ ನಮ್ಮ ಕೈಯನ್ನು ನಾವೇ ಕಟ್ಟಿಕೊಂಡಂತೆ. ಸೂಚಕದಲ್ಲಿ ಯಾರು, ಎಷ್ಟು, ಎಷ್ಟರಿಂದ ಎಷ್ಟಕ್ಕೆ, ಯಾವ ತಿಂಗಳೊಳಗೆ ಎಂಬ ನಾಲ್ಕೂ ಇರಲಿ.

ಸೂಚಕಗಳ ಸಂಖ್ಯೆಯಲ್ಲಿ ಆಸೆಬುರುಕರಾಗಬೇಡಿ. ಬರೆದ ಪ್ರತಿಯೊಂದನ್ನೂ ಯಾರೋ ಒಬ್ಬರು ಮೂರು ತಿಂಗಳಿಗೊಮ್ಮೆ ಅಳೆಯಬೇಕು. ಸಣ್ಣ ಯೋಜನೆಗೆ ಫಲದ ಮಟ್ಟದಲ್ಲಿ ಎರಡು ಮೂರು, ಉತ್ಪನ್ನಕ್ಕೊಂದರಂತೆ ನಾಲ್ಕೈದು ಸಾಕು. ಷರತ್ತುಗಳ ಕಾಲಂ ಅನ್ನು ‘ಎಲ್ಲರ ಸಹಕಾರ ಸಿಗುತ್ತದೆ’ ಎಂದು ತುಂಬಿಸುವುದೂ ಒಂದು ಚಾಳಿ. ಔಷಧ ಸರಬರಾಜು ನಿಲ್ಲುವುದಿಲ್ಲ, ತರಬೇತಾದವರ ವರ್ಗಾವಣೆ ಆಗುವುದಿಲ್ಲ ಎಂಬಂಥ ಹೆಸರಿಡಬಹುದಾದ ಅಪಾಯಗಳನ್ನು ಬರೆದು, ಅದು ಸುಳ್ಳಾದರೆ ಏನು ಮಾಡುತ್ತೀರಿ ಎಂದು ಸೇರಿಸಿ. ಅಪಾಯವನ್ನು ಮುಚ್ಚಿಟ್ಟವರಿಗಿಂತ ಕಂಡವರ ಮೇಲೆ ಪರಿಶೀಲಕರಿಗೆ ನಂಬಿಕೆ ಜಾಸ್ತಿ.

ಹಂತ 4: ಬಜೆಟ್

ಅನುಭವಿ ಪರಿಶೀಲಕರಲ್ಲಿ ಹಲವರು ಅರ್ಜಿ ಕೈಗೆ ಬಂದೊಡನೆ ಬಜೆಟ್ಟಿನ ಪುಟವನ್ನೇ ಮೊದಲು ತೆರೆಯುತ್ತಾರೆ, ಏಕೆಂದರೆ ಬರಹ ಮರೆಮಾಚಿದ್ದನ್ನು ಅಂಕಿ ಬಿಟ್ಟುಕೊಡುತ್ತದೆ. ಹಾಗಾಗಿ ಬರಹಕ್ಕೆ ಮುಂಚೆ ಇದು ಮುಗಿಯಬೇಕು.

ಲಾಗ್‌ಫ್ರೇಮಿನ ಪ್ರತಿ ಚಟುವಟಿಕೆಯ ಎದುರು ‘ಇದಕ್ಕೆ ಯಾರು, ಏನು, ಎಷ್ಟು ದಿನ, ಎಷ್ಟು ಬಾರಿ’ ಎಂದು ಬರೆದು ಅಲ್ಲಿಂದ ಮೇಲಕ್ಕೆ ಕೂಡುತ್ತಾ ಬನ್ನಿ. ದಾನಿಯ ಗರಿಷ್ಠ ಮೊತ್ತವನ್ನು ಮೇಲೆ ಬರೆದುಕೊಂಡು ಕೆಳಗೆ ಹಂಚಿದ ಬಜೆಟ್ ದೂರದಿಂದಲೇ ಗೊತ್ತಾಗುತ್ತದೆ, ಎಲ್ಲ ಸಾಲೂ ದುಂಡು ಸಂಖ್ಯೆ!

ಸಂಬಳದ ಸಾಲು. ತಿಂಗಳ ಸಂಬಳ 100 ಎಂದಿಟ್ಟುಕೊಳ್ಳಿ. ಭವಿಷ್ಯನಿಧಿ, ವಿಮೆ ಇತ್ಯಾದಿ ಶಾಸನಬದ್ಧ ಸೌಲಭ್ಯಗಳಿಗೆ ಶೇ. 20. ಆ ವ್ಯಕ್ತಿ ಈ ಯೋಜನೆಗೆ ಕೊಡುವುದು ಶೇ. 40 ಸಮಯ. ವರ್ಷದ ವೆಚ್ಚ 100 × 1.2 × 12 × 0.4 = 576. ಸೌಲಭ್ಯ ಮರೆತರೆ 480 ಬರುತ್ತದೆ, ಆ 96 ನಿಮ್ಮ ಜೇಬಿನಿಂದ. ಸಮಯದ ಪಾಲು ಹಾಕುವುದನ್ನು ಮರೆತರೆ 1,440, ಅದನ್ನು ನೋಡಿದ ಪರಿಶೀಲಕರು ಮುಂದಿನ ಸಾಲಿಗೆ ಹೋಗುವುದಿಲ್ಲ. ಒಬ್ಬರೇ ವ್ಯಕ್ತಿಯ ಸಮಯ ನಿಮ್ಮ ಎಲ್ಲ ಅನುದಾನಗಳಲ್ಲೂ ಸೇರಿ ಶೇ. 100 ದಾಟಿಲ್ಲ ಎಂದು ನೋಡಿಕೊಳ್ಳಿ. ಒಂದೇ ಹುದ್ದೆಗೆ ಇಬ್ಬರು ದಾನಿಗಳಿಂದ ಹಣ ಪಡೆಯುವುದು ಗೊತ್ತಿಲ್ಲದೆ ಆದರೂ ಆಡಿಟ್‌ನಲ್ಲಿ ವಂಚನೆಯಾಗಿಯೇ ಕಾಣುತ್ತದೆ.

ಬೆಲೆಯೇರಿಕೆ. ಮೂರು ವರ್ಷದ ಯೋಜನೆಗೆ 576 ಅನ್ನು ಮೂರರಿಂದ ಗುಣಿಸಿದರೆ 1,728. ವರ್ಷಕ್ಕೆ ಶೇ. 6 ಏರಿಕೆ ಹಿಡಿದರೆ 576, 610.56, 647.19, ಒಟ್ಟು 1,833.75. ಒಂದೇ ಸಾಲಿನಲ್ಲಿ 105ಕ್ಕೂ ಹೆಚ್ಚು ಖೋತಾ. ಮಂಜೂರಾತಿ ವಿದೇಶಿ ಕರೆನ್ಸಿಯಲ್ಲಾದರೆ ಯಾವ ದಿನದ ವಿನಿಮಯ ದರ ಬಳಸಿದಿರಿ ಎಂದು ಟಿಪ್ಪಣಿಯಲ್ಲಿ ನಮೂದಿಸಿ. ದರ ಕುಸಿದರೆ ನಷ್ಟ ಯಾರದು ಎಂಬುದನ್ನು ಒಪ್ಪಂದಕ್ಕೆ ಮುಂಚೆ ಕೇಳಿ.

ಓವರ್‌ಹೆಡ್. ಬಾಡಿಗೆ, ವಿದ್ಯುತ್, ಲೆಕ್ಕಿಗರ ಸಂಬಳ ಇವೆಲ್ಲ ಪರೋಕ್ಷ ವೆಚ್ಚ. ದಾನಿಗಳು ಇದಕ್ಕೆ ಮಿತಿ ಹಾಕುತ್ತಾರೆ. ಉದಾಹರಣೆಗೆ ಗೇಟ್ಸ್ ಫೌಂಡೇಷನ್ನಿನ ನೀತಿಯಲ್ಲಿ ಸರ್ಕಾರೇತರ ಸಂಸ್ಥೆಗಳಿಗೆ ಗರಿಷ್ಠ ಶೇ. 15, ವಿಶ್ವವಿದ್ಯಾಲಯಗಳಿಗೆ ಶೇ. 10. ಅರ್ಜಿದಾರರು ಎಡವುವುದು ‘ಯಾವುದರ ಶೇ. 15?’ ಎಂಬಲ್ಲಿ. ನೇರ ವೆಚ್ಚ 100 ಇದ್ದು, ಮಿತಿ ನೇರ ವೆಚ್ಚದ ಶೇ. 15 ಆದರೆ ಒಟ್ಟು 115. ಮಿತಿ ಒಟ್ಟು ಮೊತ್ತದ ಶೇ. 15 ಆದರೆ 100 ÷ 0.85 = 117.65, ಅಂದರೆ ಓವರ್‌ಹೆಡ್ 17.65. ಮೊದಲ ನಿಯಮವಿರುವ ಕಡೆ ಎರಡನೆಯ ಲೆಕ್ಕ ಹಾಕಿದರೆ ಮಿತಿ ಮೀರಿತೆಂದು ಅನರ್ಹ, ಎರಡನೆಯದಿರುವ ಕಡೆ ಮೊದಲನೆಯದು ಹಾಕಿದರೆ ಸಿಗಬಹುದಾದ ಹಣ ಕೈಬಿಟ್ಟಿರಿ. ಓವರ್‌ಹೆಡ್ ಸೊನ್ನೆ ಎಂದು ತೋರಿಸಿ ದಾನಿಯನ್ನು ಮೆಚ್ಚಿಸಲು ಹೋಗುವವರಿದ್ದಾರೆ. ಅದು ತ್ಯಾಗವಲ್ಲ, ಲೆಕ್ಕ ಗೊತ್ತಿಲ್ಲ ಎಂಬ ಒಪ್ಪಿಗೆ.

ಮರೆತುಹೋಗುವ ಸಾಲುಗಳು ಇವು: ಆಡಿಟ್ ಶುಲ್ಕ, ಬ್ಯಾಂಕ್ ವರ್ಗಾವಣೆ ಶುಲ್ಕ, ವರದಿಯ ಅನುವಾದ, ಉಪಕರಣಗಳ ದುರಸ್ತಿ, ಕ್ಯಾಮೆರಾಗಳ ಬ್ಯಾಟರಿ ಮತ್ತು ಮೆಮೊರಿ ಕಾರ್ಡ್, ಶೀತಪೆಟ್ಟಿಗೆಯ ವಿದ್ಯುತ್ ಬ್ಯಾಕಪ್, ಸ್ವಯಂಸೇವಕರ ಪ್ರಯಾಣವೆಚ್ಚ, ತರಬೇತಿಗೆ ಬರುವವರ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ. ಅಳತೆ ಮತ್ತು ಮೌಲ್ಯಮಾಪನಕ್ಕೆ ಒಟ್ಟಿನ ಶೇ. 5ರಿಂದ 10 ತೆಗೆದಿಡುವುದು ರೂಢಿ. ‘ಇತರೆ’ ಎಂಬ ಹೆಸರಿನ ಸಾಲು ಬೇಡವೇ ಬೇಡ.

ಪ್ರತಿ ಸಾಲಿನ ಎದುರು ಒಂದು ವಾಕ್ಯದ ಸಮರ್ಥನೆ ಬರೆಯಿರಿ: ‘12 ಹಳ್ಳಿ × ತಿಂಗಳಿಗೆ 2 ಭೇಟಿ × 12 ತಿಂಗಳು = 288 ಭೇಟಿ, ಪ್ರತಿ ಭೇಟಿಗೆ ಇಷ್ಟು.’ ದೊಡ್ಡ ಖರೀದಿಗೆ ಮೂರು ಕೊಟೇಷನ್ ಇಟ್ಟುಕೊಳ್ಳಿ. ಕೊನೆಗೆ ಎರಡು ದಿಕ್ಕಿನಲ್ಲಿ ತಾಳೆ ನೋಡಿ. ಬರಹದಲ್ಲಿರುವ ಪ್ರತಿ ಚಟುವಟಿಕೆಗೂ ಬಜೆಟ್ಟಿನಲ್ಲಿ ಸಾಲಿದೆಯೇ? ಬಜೆಟ್ಟಿನ ಪ್ರತಿ ಸಾಲಿಗೂ ಬರಹದಲ್ಲಿ ಕೆಲಸವಿದೆಯೇ? ವಾಹನವೊಂದು ಬಜೆಟ್ಟಿನಲ್ಲಿ ಮಾತ್ರ ಕಾಣಿಸಿಕೊಂಡರೆ ಮೊದಲ ಪ್ರಶ್ನೆ ಅದರ ಮೇಲೇ.

ಹಂತ 5: ಅನುಮತಿಗಳು

ಇದು ಕ್ಯಾಲೆಂಡರ್ ನುಂಗುವ ಹಂತ. ಮಂಜೂರಾದ ಮೇಲೆ ಶುರುಮಾಡಿದರೆ ಯೋಜನೆಯ ಮೊದಲ ಮೂರ್ನಾಲ್ಕು ತಿಂಗಳು ಕಾಯುವುದರಲ್ಲೇ ಕಳೆಯುತ್ತವೆ.

ಜನರ ಮೇಲೆ ಆರೋಗ್ಯ ಸಂಶೋಧನೆಯಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. 1964ರ ಹೆಲ್ಸಿಂಕಿ ಘೋಷಣೆಯ ಹಾದಿಯಲ್ಲಿ ಬಂದ ನಿಯಮವಿದು. ಮಾಹಿತಿ ಸಂಗ್ರಹಿಸಿದ ಮೇಲೆ ಹಿಂದಿನ ದಿನಾಂಕದ ಒಪ್ಪಿಗೆ ಸಿಗುವುದಿಲ್ಲ. ಬೇಸ್‌ಲೈನ್ ಸಮೀಕ್ಷೆಗೂ ಇದು ಅನ್ವಯಿಸುತ್ತದೆಯೇ ಎಂದು ಸಮಿತಿಯನ್ನೇ ಕೇಳಿ, ನೀವೇ ತೀರ್ಮಾನಿಸಬೇಡಿ.

ಮಕ್ಕಳೊಂದಿಗೆ ಕೆಲಸವಿದ್ದರೆ ಲಿಖಿತ ಸುರಕ್ಷಾ ನೀತಿ, ಸಿಬ್ಬಂದಿಯ ಪೂರ್ವಾಪರ ತಪಾಸಣೆ, ದೂರು ಹೇಳಿಕೊಳ್ಳಲು ಹೆಸರಿಸಿದ ಒಬ್ಬ ವ್ಯಕ್ತಿ ಇರಬೇಕು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಂತೆ 18 ತುಂಬದವರೆಲ್ಲ ಮಕ್ಕಳು. 16ರ ಹುಡುಗಿಯ ಫೋಟೊ ಅರ್ಜಿಗೆ ಅಂಟಿಸುವ ಮುನ್ನ ಅವಳ ಮತ್ತು ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ.

ಸಂರಕ್ಷಣೆಯಲ್ಲಿ ಅರಣ್ಯ ಪ್ರವೇಶದ ಅನುಮತಿಯಷ್ಟೇ ನೆನಪಾಗುತ್ತದೆ, ಮಾದರಿಗಳನ್ನು ಹೊರದೇಶದ ಪ್ರಯೋಗಾಲಯಕ್ಕೆ ಕಳಿಸುವ ಅನುಮತಿ ಮರೆಯುತ್ತದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಯ ಕೂದಲು, ಗರಿ, ಅಂಗಾಂಶದ ಚೂರಿಗೂ ಗಡಿ ದಾಟಲು ಪರವಾನಗಿ ಬೇಕಾಗುತ್ತದೆ. ಆನುವಂಶಿಕ ಸಂಪನ್ಮೂಲಗಳ ಬಳಕೆ ಮತ್ತು ಅದರ ಲಾಭದ ಹಂಚಿಕೆಗೆ 2014ರಲ್ಲಿ ಜಾರಿಗೆ ಬಂದ ನಗೋಯಾ ಶಿಷ್ಟಾಚಾರದ ನಿಯಮಗಳು ಪ್ರತ್ಯೇಕ. ಕಾಡನ್ನು ನಂಬಿ ಬದುಕುವ ಮೂಲನಿವಾಸಿ ಸಮುದಾಯಗಳಿದ್ದರೆ ಅವರ ಒಪ್ಪಿಗೆ ಮುಂಚಿತವಾಗಿ, ಒತ್ತಡವಿಲ್ಲದೆ, ವಿಷಯ ಪೂರ್ತಿ ತಿಳಿಸಿ ಪಡೆದದ್ದಾಗಿರಬೇಕು. ಸಭೆಯ ಹಾಜರಿ ಪಟ್ಟಿಯ ಸಹಿಗಳು ಒಪ್ಪಿಗೆಯಲ್ಲ.

ಹಂತ 6: ಈಗ ಬರೆಯಿರಿ

ಮೊದಲು ಎರಡು ಪುಟದ ಕಾನ್ಸೆಪ್ಟ್ ನೋಟ್. ಸಮಸ್ಯೆ ಯಾರದು, ಎಷ್ಟು ದೊಡ್ಡದು, ನೀವು ಏನು ಮಾಡುತ್ತೀರಿ, ಏನು ಬದಲಾಗುತ್ತದೆ, ಎಷ್ಟು ಬೇಕು, ಏಕೆ ನೀವೇ ಎಂಬ ಆರಕ್ಕೆ ಉತ್ತರವಿರಲಿ. ದಾನಿ ಕೇಳದಿದ್ದರೂ ಬರೆಯಿರಿ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ, ಅವರು ಯೋಜನೆಯನ್ನು ತಮ್ಮ ಮಾತಿನಲ್ಲಿ ಮರಳಿ ಹೇಳಬೇಕು. ಹೇಳಲಾಗದಿದ್ದರೆ ಪೂರ್ಣ ಅರ್ಜಿಗೆ ಇನ್ನೂ ಕಾಲ ಬಂದಿಲ್ಲ.

ಸಮಸ್ಯೆಯ ಭಾಗದಲ್ಲಿ ಜಗತ್ತಿನ ಅಂಕಿಅಂಶ ಒಂದು ವಾಕ್ಯಕ್ಕೆ ಮಿತಿಯಿರಲಿ, ಉಳಿದದ್ದು ನೀವು ಹಂತ 2ರಲ್ಲಿ ಅಳೆದದ್ದು. ಸಮಸ್ಯೆಯನ್ನು ಪರಿಹಾರದ ಕೊರತೆಯಾಗಿ ಬರೆಯಬೇಡಿ. ‘ಗ್ರಂಥಾಲಯವಿಲ್ಲ’ ಎಂಬುದು ಸಮಸ್ಯೆಯಲ್ಲ, ‘ಐದನೇ ತರಗತಿಯ ಅರ್ಧದಷ್ಟು ಮಕ್ಕಳು ಎರಡನೇ ತರಗತಿಯ ಪಠ್ಯ ಓದಲಾರರು’ ಎಂಬುದು ಸಮಸ್ಯೆ. ಮೊದಲಿನ ರೀತಿಯಲ್ಲಿ ಬರೆದರೆ ಪುಸ್ತಕಗಳೇ ಏಕೆ ಪರಿಹಾರ ಎಂದು ಯಾರೂ ಕೇಳಲಾರರು, ಕೇಳಿದರೆ ನಿಮ್ಮಲ್ಲಿ ಉತ್ತರವಿರದು.

‘ಹಣ ಮುಗಿದ ಮೇಲೆ?’ ಎಂಬ ಪ್ರಶ್ನೆಗೆ ‘ಸಮುದಾಯವೇ ಮುಂದುವರಿಸುತ್ತದೆ’ ಎಂದು ಬರೆದುಬಿಡುವುದು ಸುಲಭ. ಯಾವ ವೆಚ್ಚ ನಿಲ್ಲುತ್ತದೆ, ಯಾವುದು ಉಳಿಯುತ್ತದೆ, ಉಳಿದದ್ದನ್ನು ಯಾರು ಭರಿಸಲು ಒಪ್ಪಿದ್ದಾರೆ ಎಂದು ಸಾಲು ಸಾಲಾಗಿ ಹೇಳಿ, ಒಪ್ಪಿಗೆಪತ್ರ ಲಗತ್ತಿಸಿ. ಎಲ್ಲ ಯೋಜನೆಗಳೂ ಮುಂದುವರಿಯಲೇಬೇಕೆಂದಿಲ್ಲ. ಮುಗಿಯುವುದಕ್ಕೆಂದೇ ಮಾಡಿದ ಕೆಲಸವನ್ನು ಹಾಗೆಂದು ಹೇಳಿದರೆ ತಪ್ಪೇನಿಲ್ಲ.

ಸಾರಾಂಶ ಫಾರಂನಲ್ಲಿ ಮೊದಲು ಬರುತ್ತದೆ, ಬರೆಯುವುದು ಕಟ್ಟಕಡೆಗೆ. ಮೊದಲೇ ಬರೆದ ಸಾರಾಂಶದಲ್ಲಿ 500 ಮಕ್ಕಳು, ಒಳಗೆ 420 ಮಕ್ಕಳು ಎಂಬ ಗೊಂದಲ ತೀರಾ ಸಾಮಾನ್ಯ.

ಹಂತ 7: ಸಲ್ಲಿಕೆ

ಪೋರ್ಟಲ್‌ಗಳು ಕೆಲವೆಡೆ ಪದ ಎಣಿಸುತ್ತವೆ, ಕೆಲವೆಡೆ ಖಾಲಿ ಜಾಗವೂ ಸೇರಿ ಅಕ್ಷರ ಎಣಿಸುತ್ತವೆ. ಮಿತಿ ಮೀರಿದ ಭಾಗವನ್ನು ಸದ್ದಿಲ್ಲದೆ ಕತ್ತರಿಸುವವೂ ಇವೆ. ಬೇರೆಡೆ ಬರೆದು ಅಂಟಿಸಿ, ಸಂಗ್ರಹಿಸಿ, ಮತ್ತೆ ತೆರೆದು ಕೊನೆಯ ವಾಕ್ಯದವರೆಗೆ ಓದಿ. ಕೊನೆಯ ಗಡುವಿನ ಸಮಯ ಯಾವ ದೇಶದ್ದೆಂದು ನೋಡಿ. ಬ್ರಿಟನ್ನಿನ ಗಡಿಯಾರ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಒಂದು ಗಂಟೆ ಬದಲಾಗುತ್ತದೆ ಎಂಬುದು ಆ ವಾರದಲ್ಲಿ ನೆನಪಿರಬೇಕು. 48 ಗಂಟೆ ಮುಂಚೆ ಸಲ್ಲಿಸಿ.

ಶಿಫಾರಸುದಾರರನ್ನು ನಾಲ್ಕು ವಾರ ಮುಂಚೆ ಕೇಳಿ. ರಫರ್ಡ್‌ನಂಥ ದಾನಿಗಳು ಮೂವರ ಶಿಫಾರಸು ಬಯಸುತ್ತಾರೆ. ಪತ್ರ ಸಮಯಕ್ಕೆ ಬಾರದೆ ನಿಂತ ಅರ್ಜಿಗಳಿಗೆ ಲೆಕ್ಕವಿಲ್ಲ. ದೊಡ್ಡ ಹೆಸರಿನವರಿಗಿಂತ ನಿಮ್ಮ ಕೆಲಸ ಕಣ್ಣಾರೆ ಕಂಡವರ ಪತ್ರ ಮೇಲು.

ಹಂತ 8: ಮಂಜೂರಾದ ಮೇಲೆ

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕಂತುಗಳ ವೇಳಾಪಟ್ಟಿ ಓದಿ. ಶೇ. 40, 40, 20 ಎಂದಿದ್ದು ಕೊನೆಯ 20 ಅಂತಿಮ ವರದಿ ಒಪ್ಪಿದ ಮೇಲೆ ಬರುವುದಾದರೆ, ಯೋಜನೆಯ ಐದನೇ ಒಂದು ಭಾಗವನ್ನು ನೀವು ತಿಂಗಳುಗಟ್ಟಲೆ ನಿಮ್ಮ ನಿಧಿಯಿಂದ ನಡೆಸಬೇಕು. ಅಷ್ಟು ಕೈಯಲ್ಲಿಲ್ಲದಿದ್ದರೆ ಈಗಲೇ ಹೇಳಿ, ಸಹಿಗೆ ಮುಂಚೆ ಕೇಳಿದರೆ ಬದಲಾಯಿಸಲು ಒಪ್ಪುವ ದಾನಿಗಳಿದ್ದಾರೆ. ಸಹಿಯ ನಂತರ ಕಷ್ಟ.

ಲೆಕ್ಕದ ಪುಸ್ತಕದಲ್ಲಿ ಈ ಅನುದಾನಕ್ಕೆ ಪ್ರತ್ಯೇಕ ಕೋಡ್ ಕೊಡಿ, ಪ್ರತಿ ವೋಚರಿನ ಮೇಲೂ ಅದನ್ನು ಬರೆಯಿರಿ. ಶುರುವಾಗುವ ದಿನಾಂಕಕ್ಕೆ ಮುಂಚಿನ ಖರ್ಚನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಣ ಸರಿಸಲು ಎಷ್ಟರವರೆಗೆ ಸ್ವಾತಂತ್ರ್ಯವಿದೆ ಎಂದು ನೋಡಿ. ಶೇ. 10ರ ಮಿತಿ ಹಲವೆಡೆ ಇರುತ್ತದೆ, ಅದನ್ನು ದಾಟುವುದಾದರೆ ಖರ್ಚು ಮಾಡುವ ಮುಂಚೆ ಇಮೇಲ್‌ನಲ್ಲಿ ಅನುಮತಿ ಪಡೆಯಿರಿ. ಫೋನಿನಲ್ಲಿ ‘ಆಗಲಿ’ ಎಂದದ್ದು ಆಡಿಟರಿಗೆ ಕೇಳಿಸುವುದಿಲ್ಲ.

ಪ್ರತಿ ತಿಂಗಳು ಖರ್ಚನ್ನು ಯೋಜನೆಯ ಅವಧಿಯೊಡನೆ ಹೋಲಿಸಿ. ಅರ್ಧ ಅವಧಿ ಕಳೆದು ಖರ್ಚು ಶೇ. 20 ಮಾತ್ರ ಆಗಿದ್ದರೆ ಅದು ಉಳಿತಾಯವಲ್ಲ, ಕೆಲಸ ಹಿಂದೆ ಬಿದ್ದ ಲಕ್ಷಣ. ಹೆಚ್ಚಿನ ಹಣವಿಲ್ಲದೆ ಅವಧಿ ಮಾತ್ರ ವಿಸ್ತರಿಸಲು ಕೋರುವುದಿದ್ದರೆ ಮುಕ್ತಾಯಕ್ಕೆ ಎರಡು ತಿಂಗಳು ಮುಂಚೆ, ಪರಿಷ್ಕೃತ ವೇಳಾಪಟ್ಟಿಯ ಸಮೇತ ಬರೆಯಿರಿ. ಗುರಿ ತಪ್ಪಿದ್ದನ್ನು ವರದಿಯಲ್ಲಿ ಅಂಕಿಯೊಡನೆ, ಕಾರಣದೊಡನೆ ಹೇಳಿ. ಕೆಟ್ಟ ಸುದ್ದಿ ವರದಿಯಲ್ಲಿ ಮೊದಲ ಬಾರಿಗೆ ಕಾಣಬಾರದು, ಅದಕ್ಕೆ ಮುಂಚೆಯೇ ಪತ್ರ ಹೋಗಿರಬೇಕು.

ತಿರಸ್ಕೃತವಾದರೆ

ಅಮೆರಿಕದ ದಾನಿ ಮೆಕೆಂಜಿ ಸ್ಕಾಟ್ ಅವರ ದಾನ ಸಂಸ್ಥೆ ಯೀಲ್ಡ್ ಗಿವಿಂಗ್ ನಡೆಸಿದ ಮುಕ್ತ ಕರೆಗೆ 6,353 ಅರ್ಜಿಗಳು ಬಂದಿದ್ದವು. 2024ರಲ್ಲಿ ಹಣ ಸಿಕ್ಕಿದ್ದು 361 ಸಂಸ್ಥೆಗಳಿಗೆ, ನೂರಕ್ಕೆ ಆರಕ್ಕಿಂತ ಕಡಿಮೆ. ಇಂಥ ಕಡೆ ತಿರಸ್ಕಾರದಿಂದ ನಿಮ್ಮ ಅರ್ಜಿಯ ಗುಣದ ಬಗ್ಗೆ ಹೆಚ್ಚೇನೂ ತಿಳಿಯದು. ಹತ್ತು ಅರ್ಜಿಗಳಲ್ಲಿ ಒಂದನ್ನು ಆರಿಸುವ ಸಣ್ಣ ದಾನಿಯಿಂದ ಬಂದ ತಿರಸ್ಕಾರದಿಂದ ಕಲಿಯುವುದು ಹೆಚ್ಚಿದೆ.

ವಾರದೊಳಗೆ ಧನ್ಯವಾದ ಹೇಳಿ, ಪರಿಶೀಲಕರ ಟಿಪ್ಪಣಿ ಸಿಗಬಹುದೇ ಎಂದು ಒಂದೇ ಪ್ರಶ್ನೆ ಕೇಳಿ. ವಾದಕ್ಕಿಳಿಯಬೇಡಿ. ಟಿಪ್ಪಣಿ ಬಂದರೆ ಯಾವ ಹಂತದ ದೋಷವೆಂದು ಗುರುತಿಸಿ. ‘ನಮ್ಮ ಆದ್ಯತೆಗೆ ಹೊಂದುವುದಿಲ್ಲ’ ಎಂದರೆ ಹಂತ 1, ‘ಪರಿಣಾಮ ಸ್ಪಷ್ಟವಿಲ್ಲ’ ಎಂದರೆ ಹಂತ 2 ಅಥವಾ 3, ‘ವೆಚ್ಚಕ್ಕೆ ತಕ್ಕ ಫಲವಿಲ್ಲ’ ಎಂದರೆ ಹಂತ 4. ಅದೇ ಅರ್ಜಿಯನ್ನು ಹೆಸರು ಬದಲಿಸಿ ಇನ್ನೊಬ್ಬರಿಗೆ ಕಳಿಸುವವರು ಪುಟದ ನಡುವೆ ಎಲ್ಲೋ ಹಳೆಯ ದಾನಿಯ ಹೆಸರನ್ನು ಬಿಟ್ಟಿರುತ್ತಾರೆ. ಕಳಿಸುವ ಮುಂಚೆ ಆ ಹೆಸರನ್ನು ಹುಡುಕು ಪೆಟ್ಟಿಗೆಯಲ್ಲಿ ಟೈಪಿಸಿ ನೋಡಿ, ಫೈಲಿನ ಹೆಸರಿನಲ್ಲೂ.